ಪಾಳಿ

ಸಂಸ್ಕೃತದ 'ಪಾಲಿ' ಎಂದರೆ ಸಾಲು, ಅಂಚು. ಕನ್ನಡದ 'ಪಾಳಿ' ಸಾಲೂ ಹೌದು, ಸರದಿಯೂ ಹೌದು: ಕಾರ್ಖಾನೆಯ ರಾತ್ರಿ ಪಾಳಿ, ಉತ್ತರ ಕರ್ನಾಟಕದಲ್ಲಿ ನಲ್ಲಿಯ ಮುಂದಿನ ಕೊಡಗಳ ಪಾಳಿ. ಇಂಟರ್‌ನೆಟ್‌ಗೂ ಒಪ್ಪುವ ಪದವಿದು. ರೂಟರ್‌ನಲ್ಲಿ ಎಲ್ಲರ ದತ್ತಾಂಶದ ತುಣುಕುಗಳಿಗೂ, ಅಂದರೆ ಪ್ಯಾಕೆಟ್‌ಗಳಿಗೂ ಒಂದೇ ಸಾಲಿದ್ದರೆ, ಹೆಚ್ಚು ಸುರಿದವನಿಗೇ ಹೆಚ್ಚು ಜಾಗ. 1985ರಲ್ಲಿ ಕಂಪ್ಯೂಟರ್ ತಜ್ಞ ಜಾನ್ ನೇಗಲ್ ಇದಕ್ಕೊಂದು ಉಪಾಯ ಸೂಚಿಸಿದರು: ಪ್ರತಿ ಕಂಪ್ಯೂಟರಿಗೂ ಬೇರೆ ಸಾಲು, ಒಂದೊಂದು ಸಾಲಿನಿಂದ ಸರದಿಯಂತೆ ಒಂದೊಂದು ಪ್ಯಾಕೆಟ್. ಆಗ ಯಾರಾದರೂ ಮಿತಿಮೀರಿ ಸುರಿದರೆ ತುಂಬುವುದು ಅವರದೇ ಸಾಲು. ಮಿಕ್ಕವರ ಪಾಳಿ ತಪ್ಪದು. ಬೇಕೆಂದೇ ಪ್ಯಾಕೆಟ್ ಸುರಿದು ಜಾಲವನ್ನು ಕಟ್ಟಿಹಾಕುವ ದಾಳಿಗೂ ಇದು ಒಳ್ಳೆಯ ತಡೆ, ಆದರೆ ಪೂರ್ಣವಲ್ಲ. ಬೇರೆ ಬೇರೆ ಸುಳ್ಳು ವಿಳಾಸ ಹಾಕಿಕೊಂಡು ಬಂದವನು ಒಬ್ಬನೇ ನೂರು ಸಾಲು ಹಿಡಿಯಬಲ್ಲ. ಹಾಗಾಗಿ ಪ್ಯಾಕೆಟ್ ಹೊರಡುವ ಕಡೆಯಲ್ಲೇ ಸೇವಾದಾತರು ವಿಳಾಸವನ್ನು ಪರೀಕ್ಷಿಸಲೇಬೇಕು.