ಒಳನಾಡ ಕಡಲಿನ ಕಾಲಗಣನೆ: ಪ್ಯಾರಾಟೆಥಿಸ್ ಪದರಗಳ ಅಧ್ಯಯನ ನಡೆದುಬಂದ ದಾರಿ

ಆಲ್ಪ್ಸ್ ಪರ್ವತದ ಬುಡದಿಂದ ಅರಾಲ್ ಸಮುದ್ರದ ಬಯಲಿನವರೆಗೆ ಇಂದು ಕಾಣುವುದು ಗೋಧಿ ಹೊಲ, ದ್ರಾಕ್ಷಿ ತೋಟ, ಹುಲ್ಲುಗಾವಲು. ಈ ನೆಲವನ್ನು ಸ್ವಲ್ಪ ಅಗೆದರೂ ಸಾಕು, ಚಿಪ್ಪು ತುಂಬಿದ ಸುಣ್ಣಕಲ್ಲು, ನೀಲಿ ಜೇಡಿ, ಉಪ್ಪಿನ ಪದರಗಳು ಸಿಗುತ್ತವೆ. ಇವೆಲ್ಲ ಪ್ಯಾರಾಟೆಥಿಸ್ ಎಂಬ ಕಡಲು ಬಿಟ್ಟುಹೋದ ಕಣಶಿಲೆಗಳು. ಆಫ್ರಿಕಾ, ಅರೇಬಿಯಾ, ಭಾರತದ ಭೂಫಲಕಗಳು ಉತ್ತರಕ್ಕೆ ಒತ್ತಿದಂತೆ ಟೆಥಿಸ್ ಮಹಾಸಾಗರ ಕಿರಿದಾಯಿತು, ಪರ್ವತಗಳು ಎದ್ದವು. ಸುಮಾರು 3 ಕೋಟಿ 40 ಲಕ್ಷ ವರ್ಷಗಳ ಹಿಂದೆ ಆ ಸಾಗರದ ಉತ್ತರದ ಭಾಗ ಬೇರೆಯಾಗಿ ಒಳನಾಡ ಕಡಲಾಯಿತು. ಮಯೋಸಿನ್ ಯುಗದುದ್ದಕ್ಕೂ, ಎಂದರೆ 2 ಕೋಟಿ 30 ಲಕ್ಷ ವರ್ಷಗಳ ಹಿಂದಿನಿಂದ 53 ಲಕ್ಷ ವರ್ಷಗಳ ಹಿಂದಿನವರೆಗೆ, ಅದು ಹಿಗ್ಗಿತು, ಕುಗ್ಗಿತು, ತುಂಡಾಯಿತು, ಮತ್ತೆ ಕೂಡಿಕೊಂಡಿತು. ಕಪ್ಪು ಸಮುದ್ರ, ಕ್ಯಾಸ್ಪಿಯನ್, ಅರಾಲ್ ಅದರ ಉಳಿಕೆಗಳು.

ಈ ಕಡಲಿನ ಪದರಗಳನ್ನು ಓದುವ ಕೆಲಸಕ್ಕೆ ಎರಡು ಶತಮಾನಗಳ ಚರಿತ್ರೆಯಿದೆ. ಆ ಉದ್ದಕ್ಕೂ ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆ ಒಂದೇ: ಹೊರಗಿನ ಸಾಗರದ ನಂಟು ಕಳೆದುಕೊಂಡ ಕಡಲಿನ ಕಾಲವನ್ನು ಲೋಕದ ಕಾಲಕ್ಕೆ ಹೊಂದಿಸುವುದು ಹೇಗೆ?

ಚಿಪ್ಪಿನ ಲೆಕ್ಕ

ಮಯೋಸಿನ್ ಎಂಬ ವಿಭಾಗವನ್ನು ಚಾರ್ಲ್ಸ್ ಲೈಲ್ 1833ರಲ್ಲಿ ಗುರುತಿಸಿದರು. ಅವರ ಅಳತೆಗೋಲು ಸರಳವಾಗಿತ್ತು. ಒಂದು ಪದರದಲ್ಲಿ ಸಿಗುವ ಚಿಪ್ಪುಜೀವಿಗಳ ಪೈಕಿ ಎಷ್ಟು ಪ್ರಭೇದಗಳು ಈಗಲೂ ಬದುಕಿವೆ ಎಂದು ನೋಡುವುದು. ಪಾಲು ಕಡಿಮೆಯಾದಷ್ಟೂ ಪದರ ಹಳೆಯದು. ಫ್ರಾನ್ಸಿನ ಜೆರಾರ್ ಡೆಶಾಯ್ ಸಿದ್ಧಪಡಿಸಿದ ಪಟ್ಟಿಗಳನ್ನು ಆಧರಿಸಿ ಲೈಲ್ ಮಯೋಸಿನ್‌ಗೆ ಶೇಕಡಾ 18ರೊಳಗಿನ ಪಾಲನ್ನು ನಿಗದಿಮಾಡಿದರು. ತೆರೆದ ಸಾಗರದ ದಡಗಳಲ್ಲಿ ಇದು ಚೆನ್ನಾಗಿಯೇ ನಡೆಯಿತು.

ವಿಯೆನ್ನಾ ಸುತ್ತಲಿನ ಹಳೆಯ ಪದರಗಳೂ ಮೊದಮೊದಲು ಈ ಲೆಕ್ಕಕ್ಕೆ ಒಗ್ಗಿದವು. ಆಲ್ಸಿಡ್ ಡೋರ್ಬಿನ್ಯಿ 1846ರಲ್ಲಿ ಅಲ್ಲಿನ ಫೊರಾಮಿನಿಫೆರಾ ಎಂಬ ಸೂಕ್ಷ್ಮ ಚಿಪ್ಪುಜೀವಿಗಳ ಬಗ್ಗೆ ದೊಡ್ಡ ಗ್ರಂಥ ಹೊರತಂದರು. ಮೊರಿಟ್ಸ್ ಹ್ಯೋರ್ನೆಸ್ ಅಲ್ಲಿನ ಶಂಖ, ಕಪ್ಪೆಚಿಪ್ಪುಗಳನ್ನು ಒಂದೊಂದಾಗಿ ವರ್ಣಿಸಿದರು. ತೊಡಕು ಎದುರಾದದ್ದು ಮೇಲಿನ ಪದರಗಳಲ್ಲಿ. ಅಲ್ಲಿದ್ದದ್ದು ಬೇರೆಲ್ಲೂ ಇಲ್ಲದ, ಆ ಕಡಲಿನಲ್ಲೇ ಹುಟ್ಟಿ ಅಲ್ಲೇ ಅಳಿದ ಪ್ರಭೇದಗಳು. ಹೋಲಿಸಲು ಜೊತೆಯೇ ಇಲ್ಲದ ಕಡೆ ಶೇಕಡಾವಾರು ಲೆಕ್ಕ ಕೈಕೊಟ್ಟಿತು.

ಸ್ಯೂಸ್ ಕಂಡ ಬದಲಾವಣೆ

ಬಿಕ್ಕಟ್ಟಿಗೆ ಹೊಸ ದಾರಿ ತೋರಿಸಿದವರು ಎಡ್ವರ್ಡ್ ಸ್ಯೂಸ್. ವಿಯೆನ್ನಾ ನಗರದ ನೆಲದ ಬಗ್ಗೆ ಅವರು 1862ರಲ್ಲೇ ಒಂದು ಪುಸ್ತಕ ಬರೆದಿದ್ದರು. ಆ ನಗರ ಭರದಿಂದ ಬೆಳೆಯುತ್ತಿದ್ದ ಕಾಲವದು. ಬಾವಿಗಳು, ಇಟ್ಟಿಗೆಗೂಡುಗಳ ಮಣ್ಣಿನ ಹೊಂಡಗಳು, ಕಲ್ಲುಕ್ವಾರಿಗಳು ಪದರಗಳನ್ನು ತೆರೆದಿಡುತ್ತಿದ್ದವು. ಕೆಳಗಿನ ಪದರಗಳಲ್ಲಿ ಹವಳ, ಸಮುದ್ರ ಅರ್ಚಿನ್ ಧಾರಾಳವಾಗಿದ್ದರೆ, ಮೇಲಿನವುಗಳಲ್ಲಿ ಅವು ಒಮ್ಮೆಗೇ ಮಾಯವಾಗಿದ್ದವು. ಉಪ್ಪಿನಂಶ ಏರುಪೇರಾದರೆ ಈ ಜೀವಿಗಳು ಉಳಿಯುವುದಿಲ್ಲ. ಹಾಗಾಗಿ ಇದು ಕಾಲದ ಗುರುತು ಮಾತ್ರವಲ್ಲ, ಕಡಲಿನ ನೀರೇ ಬದಲಾದುದರ ಗುರುತು. ಕೆಲವೇ ಬಗೆಯ ಚಿಪ್ಪುಗಳು ಅಪಾರ ಸಂಖ್ಯೆಯಲ್ಲಿ ತುಂಬಿದ್ದ ಆ ಹಂತವನ್ನು ಸ್ಯೂಸ್ 1866ರಲ್ಲಿ ಸಾರ್ಮೇಶಿಯನ್ ಎಂದು ಕರೆದರು. ಆ ಪದರಗಳು ವಿಯೆನ್ನಾದಿಂದ ಪೂರ್ವದ ಹುಲ್ಲುಗಾವಲುಗಳವರೆಗೂ ಹಬ್ಬಿವೆ ಎಂದು ತೋರಿಸಿದರು. ಟೆಥಿಸ್ ಎಂಬ ಹೆಸರು ಕೊಟ್ಟವರೂ ಅವರೇ, 1893ರಲ್ಲಿ.

ಪೂರ್ವದ ಕಡೆ ಇದೇ ಕೆಲಸವನ್ನು ನಿಕೊಲಾಯ್ ಆಂಡ್ರುಸೋವ್ ಕೈಗೆತ್ತಿಕೊಂಡರು. ಕ್ರೈಮಿಯಾದ ಕೆರ್ಚ್ ಪರ್ಯಾಯದ್ವೀಪದ ಕಡಲಬಂಡೆಗಳಲ್ಲಿ ಅವರು ಪದರ ಪದರವಾಗಿ ಚಿಪ್ಪುಗಳನ್ನು ದಾಖಲಿಸಿದರು. 1890ರಲ್ಲಿ ಮಿಯೋಟಿಯನ್ ಹಂತವನ್ನು ಹೆಸರಿಸಿದರು. ಅದೇ ವರ್ಷ ಕಪ್ಪು ಸಮುದ್ರದ ಆಳವನ್ನು ಶೋಧಿಸಿದ ನೌಕಾಯಾನದಲ್ಲೂ ಅವರಿದ್ದರು. ಆಳದ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡ್ ತುಂಬಿರುವುದು ಆಗಲೇ ತಿಳಿದದ್ದು. ಇಂದಿನ ಕಡಲನ್ನೂ ಅಂದಿನ ಕಲ್ಲನ್ನೂ ಒಟ್ಟಿಗೆ ಓದಿದ್ದು ಆಂಡ್ರುಸೋವ್ ಅವರ ಹೆಚ್ಚುಗಾರಿಕೆ. ಈ ಚದುರಿದ ಪದರಗಳೆಲ್ಲ ಒಂದೇ ಕಡಲಿನ ಪ್ರಾಂತ್ಯಕ್ಕೆ ಸೇರಿದವು ಎಂದು ಹೇಳಿ ಅದಕ್ಕೆ ಪ್ಯಾರಾಟೆಥಿಸ್ ಎಂದು ಹೆಸರಿಟ್ಟವರು ವ್ಲಾದಿಮಿರ್ ಲಾಸ್ಕರೆವ್, 1924ರಲ್ಲಿ.

ಎರಡು ಪಂಚಾಂಗಗಳು

ಹೆಸರುಗಳು ಹೆಚ್ಚಿದಂತೆ ಗೊಂದಲವೂ ಹೆಚ್ಚಿತು. ಸಾರ್ಮೇಶಿಯನ್ ಹಂತವನ್ನೇ ನೋಡಿ. ವಿಯೆನ್ನಾದವರ ಪ್ರಕಾರ ಅದು ಸುಮಾರು 1 ಕೋಟಿ 16 ಲಕ್ಷ ವರ್ಷಗಳ ಹಿಂದೆ ಮುಗಿಯಿತು. ಕಪ್ಪು ಸಮುದ್ರದ ಸುತ್ತಲಿನವರ ಎಣಿಕೆಯಲ್ಲಿ ಅದು 76 ಲಕ್ಷ ವರ್ಷಗಳ ಹಿಂದಿನವರೆಗೂ ಮುಂದುವರಿಯುತ್ತದೆ. ಚಾಂದ್ರಮಾನದವರ ಯುಗಾದಿ ಮುಗಿದ ಮೇಲೆ ಸೌರಮಾನದವರ ಯುಗಾದಿ ಬರುವ ಹಾಗೆ, ಹೆಸರು ಒಂದೇ, ಎಣಿಕೆ ಬೇರೆ. ಇದರ ಕಾರಣ ಕಡಲಿನಲ್ಲೇ ಇದೆ. ಕಾರ್ಪೇಥಿಯನ್ ಪರ್ವತಗಳು ಎದ್ದು ಪಶ್ಚಿಮದ ಭಾಗವನ್ನು ಕತ್ತರಿಸಿದಾಗ ಅಲ್ಲಿ ಪನೋನ್ ಎಂಬ ಸವಳು ನೀರಿನ ಸರೋವರ ಹುಟ್ಟಿತು. ಪೂರ್ವದಲ್ಲಿ ಹಳೆಯ ಕಡಲು ಹಾಗೆಯೇ ಉಳಿಯಿತು.

ಗೊಂದಲ ಬಿಡಿಸಲು ಮಧ್ಯ ಯುರೋಪಿನ ಭೂವಿಜ್ಞಾನಿಗಳು ಒಂದಾದರು. ಪ್ರತಿ ಸ್ಥಳೀಯ ಹಂತಕ್ಕೂ ಮಾದರಿ ಬಂಡೆಯೊಂದನ್ನು ಗೊತ್ತುಮಾಡಿ, ಅದರ ಪಳೆಯುಳಿಕೆಗಳನ್ನು ಪಟ್ಟಿಮಾಡುವ ಗ್ರಂಥಮಾಲೆ 1967ರಲ್ಲಿ ಬ್ರಾಟಿಸ್ಲಾವಾದಲ್ಲಿ ಆರಂಭವಾಯಿತು. ಸಾರ್ಮೇಶಿಯನ್ 1974ರಲ್ಲಿ, ಬಾಡೆನಿಯನ್ 1978ರಲ್ಲಿ, ಪನೋನಿಯನ್ 1985ರಲ್ಲಿ ಹೊರಬಂದವು. ಶೀತಲಸಮರದ ಗಡಿಬೇಲಿಯ ಎರಡೂ ಬದಿಯವರು ಒಂದೇ ಪುಟದಲ್ಲಿ ಬರೆದ ಆ ಸಂಪುಟಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಇಂದಿಗೂ ಕ್ಷೇತ್ರಕ್ಕೆ ಇಳಿಯುವವರಿಗೆ ಅವೇ ಮೊದಲ ಆಧಾರ.

ಗೊರಸಿನಂಥ ಚಿಪ್ಪು

ಪನೋನ್ ಸರೋವರದ ಕುರುಹನ್ನು ಕೈಯಲ್ಲಿ ಹಿಡಿಯಬೇಕಾದರೆ ಹಂಗರಿಯ ಬಾಲಟನ್ ಸರೋವರದ ತಿಹಾನಿ ದಡಕ್ಕೆ ಹೋಗಬೇಕು. ಅಲ್ಲಿ ಆಡಿನ ಗೊರಸನ್ನು ಹೋಲುವ ಗಟ್ಟಿ ತುಣುಕುಗಳು ಸಿಗುತ್ತವೆ. ಮುಳುಗಿ ಸತ್ತ ಆಡುಗಳ ಗೊರಸುಗಳಿವು ಎಂದು ಅಲ್ಲಿಯ ಜನಪದ ಕಥೆ. ನಿಜದಲ್ಲಿ ಅವು ಕಾಂಜೀರಿಯಾ ಎಂಬ ಕಪ್ಪೆಚಿಪ್ಪಿನ ಬುಡಗಳು. ತೆಳ್ಳಗಿನ ಅಂಚನ್ನು ಅಲೆಗಳು ಸವೆಸಿವೆ, ದಪ್ಪನೆಯ ಕೊಕ್ಕಿನ ಭಾಗ ಉಳಿದಿದೆ. ಈ ವಂಶದ ಕೆಲವು ಪ್ರಭೇದಗಳು ಬಾಲ್ಕನ್‌ನ ಡಿನಾರಿಕ್ ಸುಣ್ಣಕಲ್ಲಿನ ಗುಹೆಗಳ ನೀರಿನಲ್ಲಿ ಇಂದಿಗೂ ಬದುಕಿವೆ.

ಇಂಥ ಚಿಪ್ಪುಗಳನ್ನು ನೋಡಿ ಪದರಗಳ ವಯಸ್ಸು ಹೇಳುತ್ತಿದ್ದವರಿಗೆ ಹಂಗರಿಯ ತೈಲಶೋಧ ಹೊಸ ಪಾಠ ಕಲಿಸಿತು. ನೆಲದೊಳಕ್ಕೆ ಕಂಪನ ಕಳಿಸಿ ಪ್ರತಿಧ್ವನಿಯಿಂದ ಪಡೆದ ಚಿತ್ರಗಳಲ್ಲಿ ಪದರಗಳು ಮಟ್ಟಸವಾಗಿರದೆ ಇಳಿಜಾರಾಗಿ ಒಂದರ ಮುಂದೊಂದು ಚಾಚಿಕೊಂಡಿದ್ದವು. ಪ್ರಾಚೀನ ಡ್ಯಾನ್ಯೂಬ್ ನದಿ ತಂದ ಮರಳು, ಹೂಳು ವಾಯುವ್ಯದಿಂದ ಆಗ್ನೇಯಕ್ಕೆ ಸರೋವರವನ್ನು ತುಂಬುತ್ತ ಹೋಗಿತ್ತು. ಸುಮಾರು 60 ಲಕ್ಷ ವರ್ಷಗಳಲ್ಲಿ ಆ ಅಂಚು 400 ಕಿಲೋಮೀಟರ್ ಮುಂದೆ ಸರಿದಿದೆ. ಎಂದ ಮೇಲೆ ನೋಟಕ್ಕೆ ಒಂದೇ ಆಗಿರುವ ಮರಳುಗಲ್ಲು ಒಂದು ಕಡೆ ಹಳೆಯದು, ಇನ್ನೊಂದು ಕಡೆ ಬಹಳ ಹೊಸದು. ಚಿಪ್ಪುಗಳು ಕಾಲವನ್ನಷ್ಟೇ ಹೇಳುವುದಿಲ್ಲ. ನೀರಿನ ಆಳವನ್ನೂ ದಡದ ದೂರವನ್ನೂ ಹೇಳುತ್ತವೆ ಎಂಬುದು ಆಗ ಸ್ಪಷ್ಟವಾಯಿತು.

ಉಪ್ಪು, ಕಾಂತ, ಬೂದಿ

ಬಾಗಿಲು ಮುಚ್ಚಿದ ಕಡಲು ಏನಾಗುತ್ತದೆ ಎಂಬುದಕ್ಕೆ ಪೋಲೆಂಡಿನ ವಿಯೆಲಿಚ್ಕಾ ಉಪ್ಪಿನ ಗಣಿಯೇ ಸಾಕ್ಷಿ. ಸುಮಾರು 1 ಕೋಟಿ 38 ಲಕ್ಷ ವರ್ಷಗಳ ಹಿಂದೆ ಅಂಟಾರ್ಕ್ಟಿಕಾದ ಹಿಮ ಬೆಳೆದು ಸಾಗರದ ಮಟ್ಟ ಇಳಿದ ಕಾಲಕ್ಕೇ ಅಲ್ಲಿನ ಉಪ್ಪು ಹೆಪ್ಪುಗಟ್ಟಿತು. 1970ರಲ್ಲಿ ಗ್ಲೋಮಾರ್ ಚಾಲೆಂಜರ್ ಹಡಗು ಮೆಡಿಟರೇನಿಯನ್ ತಳವನ್ನು ಕೊರೆದಾಗ ಅಲ್ಲೂ ಮಯೋಸಿನ್ ಕೊನೆಯ ಉಪ್ಪು, ಜಿಪ್ಸಮ್ ಸಿಕ್ಕವು. ಕೆನೆತ್ ಶೂ, ವಿಲಿಯಂ ರಯಾನ್, ಮರಿಯಾ ಬಿಯಾಂಕಾ ಚೀತಾ ಅವರ ತಂಡ ಆ ಕಡಲು ಬತ್ತಿತ್ತು ಎಂಬ ವಾದ ಮುಂದಿಟ್ಟಿತು. ಉಪ್ಪಿನ ಮೇಲಿನ ಪದರಗಳಲ್ಲಿ ಪ್ಯಾರಾಟೆಥಿಸ್ ಬಗೆಯ ಸವಳು ನೀರಿನ ಜೀವಿಗಳಿದ್ದವು. ಎರಡು ಕಡಲುಗಳ ಕಥೆಯನ್ನು ಬೇರೆ ಬೇರೆಯಾಗಿ ಹೇಳಲಾಗದು ಎಂಬುದು ಅಂದಿನಿಂದ ಖಚಿತವಾಯಿತು.

ಕಾಲ ಹೊಂದಿಸುವ ಕೆಲಸಕ್ಕೆ ನಿಜವಾದ ಬಲ ಬಂದದ್ದು ಎರಡು ವಿಧಾನಗಳಿಂದ. ಕಾರ್ಪೇಥಿಯನ್ ಜ್ವಾಲಾಮುಖಿಗಳ ಬೂದಿಯ ಪದರಗಳಿಗೆ ಆರ್ಗಾನ್ ಐಸೊಟೋಪುಗಳಿಂದ ವಯಸ್ಸು ಕಟ್ಟಬಹುದು. ಭೂಮಿಯ ಕಾಂತಧ್ರುವಗಳು ಅದಲುಬದಲಾದುದರ ಗುರುತು ಜೇಡಿಯಲ್ಲಿ ಉಳಿದಿರುತ್ತದೆ. ಅದು ಜಗತ್ತಿನಾದ್ಯಂತ ಒಂದೇ. ಆದರೆ ಇಲ್ಲಿಯೂ ಎಚ್ಚರ ಬೇಕು. ಈ ಕಡಲಿನ ಜೇಡಿಯಲ್ಲಿ ಕಾಂತಗುಣ ಹೊತ್ತಿರುವುದು ಬಹಳ ಕಡೆ ಗ್ರೈಗೈಟ್ ಎಂಬ ಕಬ್ಬಿಣದ ಸಲ್ಫೈಡ್. ಅದು ಹೂಳು ಕೂತ ಕಾಲದಲ್ಲೇ ಹುಟ್ಟಿದ್ದರೆ ಸರಿ. ತಡವಾಗಿ ಹುಟ್ಟಿದ್ದರೆ ದಿಕ್ಕು ತಪ್ಪಿಸುತ್ತದೆ. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ತಂಡ ರೊಮೇನಿಯಾ, ಕಪ್ಪು ಸಮುದ್ರದ ದಡಗಳಲ್ಲಿ ಇದನ್ನು ತಾಳ್ಮೆಯಿಂದ ಬಿಡಿಸಿತು. ಮೆಡಿಟರೇನಿಯನ್ ಜೊತೆ ನಂಟು ಮರಳಿ, ಪೊಂಟಿಯನ್ ಹಂತ ಆರಂಭವಾದದ್ದು ಸುಮಾರು 61 ಲಕ್ಷ ವರ್ಷಗಳ ಹಿಂದೆ ಎಂದು ತಿಳಿದದ್ದು ಹೀಗೆ.

ಇದೇ ದಾರಿಯಲ್ಲಿ ಡಾನ್ ಪಾಲ್ಕು ಮತ್ತು ಸಂಗಡಿಗರು ರಷ್ಯಾದ ತಮಾನ್ ಪರ್ಯಾಯದ್ವೀಪದ ಬಂಡೆಗಳನ್ನು ಆಧರಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಕಣ್ಣು ತೆರೆಸುವಂಥದು. ಪೂರ್ವದ ಕಡಲು ಮಹಾಸರೋವರವಾಗಿದ್ದಾಗ ಅದರ ವಿಸ್ತಾರ 28 ಲಕ್ಷ ಚದರ ಕಿಲೋಮೀಟರ್, ಇಂದಿನ ಮೆಡಿಟರೇನಿಯನ್‌ಗಿಂತ ಹೆಚ್ಚು. ಬರೀ 3 ಮೀಟರ್ ಉದ್ದದ ತಿಮಿಂಗಿಲವೊಂದು ಈ ನೀರಿನಲ್ಲಿತ್ತು. 97 ಲಕ್ಷದಿಂದ 76 ಲಕ್ಷ ವರ್ಷಗಳ ಹಿಂದಿನ ಅವಧಿಯಲ್ಲಿ ನಾಲ್ಕು ಬಾರಿ ನೀರು ಇಳಿಯಿತು. ಕೊನೆಯ ಇಳಿತದಲ್ಲಿ ಮಟ್ಟ 250 ಮೀಟರಿನವರೆಗೂ ಕುಸಿದು, ಹರವಿನ ಶೇಕಡಾ 70 ಭಾಗ ಒಣನೆಲವಾಯಿತು.

ಮುಂದಿನ ಕೆಲಸ

ಈಗ ಜಾಗತಿಕ ಕಾಲಪಟ್ಟಿ ಕೈಯಲ್ಲಿರುವಾಗ ಹಳೆಯ ಸ್ಥಳೀಯ ಹೆಸರುಗಳು ಯಾಕೆ ಎಂದು ಕೇಳುವವರಿದ್ದಾರೆ. ಕಚ್ಛ್ ಅಥವಾ ಕೊಲ್ಲಂನ ಮಯೋಸಿನ್ ಪದರಗಳಿಗೆ ನಾವು ಜಾಗತಿಕ ಹಂತಗಳ ಹೆಸರನ್ನೇ ಬಳಸುತ್ತೇವೆ. ಅಲ್ಲಿ ಅರಬ್ಬಿ ಸಮುದ್ರ ತೆರೆದೇ ಇತ್ತು, ಅದು ಸರಿ. ಪ್ಯಾರಾಟೆಥಿಸ್‌ಗೆ ಅದು ಸಲ್ಲದು. ಸ್ಥಳೀಯ ಹಂತಕ್ಕೂ ಜಾಗತಿಕ ಹಂತಕ್ಕೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲೇ ಒಂದು ಜಲದ್ವಾರ ಮುಚ್ಚಿದೆ ಅಥವಾ ತೆರೆದಿದೆ. ಆ ಹೆಸರುಗಳನ್ನು ಅಳಿಸಿದರೆ ಕಡಲಿನ ಚರಿತ್ರೆಯನ್ನೇ ಅಳಿಸಿದಂತೆ.

ಈ ಚರಿತ್ರೆಯ ಅಗತ್ಯ ಇಂದು ಹೆಚ್ಚಿದೆ. ಕ್ಯಾಸ್ಪಿಯನ್ ಮಟ್ಟ 1990ರ ದಶಕದ ನಡುವಿನಿಂದ ಇಳಿಯುತ್ತಿದೆ. ಮುಚ್ಚಿದ ಕಡಲು ಬತ್ತುವಾಗ ಯಾವ ಜೀವಿಗಳು ಮೊದಲು ಹೋಗುತ್ತವೆ, ಯಾವುವು ನದೀಮುಖಗಳಲ್ಲಿ ತಾಳಿಕೊಳ್ಳುತ್ತವೆ ಎಂಬುದಕ್ಕೆ ತಮಾನ್, ಕೆರ್ಚ್ ಬಂಡೆಗಳಿಗಿಂತ ದೀರ್ಘವಾದ ದಾಖಲೆ ಸಿಗುವುದು ಕಷ್ಟ. ಅವೆರಡೂ ಇರುವುದು ಒಂದೇ ಜಲಸಂಧಿಯ ಎದುರುಬದುರು ದಡಗಳಲ್ಲಿ, ಇಂದು ಯುದ್ಧದ ನೆರಳಿನಲ್ಲಿ. 1967ರಲ್ಲಿ ಗಡಿ ಮೀರಿ ಮಾದರಿ ಬಂಡೆಗಳನ್ನು ಗೊತ್ತುಮಾಡಿದವರ ಪರಂಪರೆ ಈ ವಿಜ್ಞಾನಕ್ಕಿದೆ. ಕ್ಯಾಸ್ಪಿಯನ್ ಸುತ್ತಲಿನ ಐದು ದೇಶಗಳಿಗೂ ಕಪ್ಪು ಸಮುದ್ರದ ನೆರೆಯವರಿಗೂ ಅಂಥದೇ ಜಂಟಿ ಅಧ್ಯಯನ ಈಗ ತುರ್ತಾಗಿ ಬೇಕು.