ಕ್ಲೈಬ್ಯವಿಚಾರ

ಭಗವದ್ಗೀತೆಯನ್ನು ಓದಿದವರಿಗೆ ‘ಕ್ಲೈಬ್ಯ’ವೆಂಬ ಶಬ್ದವು ಅಪರಿಚಿತವಲ್ಲ. ರಣರಂಗದಲ್ಲಿ ಬಿಲ್ಲನ್ನು ಕೆಳಗಿಟ್ಟು ಕುಳಿತ ಅರ್ಜುನನನ್ನು ಎಚ್ಚರಿಸಲು ಶ್ರೀಕೃಷ್ಣನು ಎರಡನೆಯ ಅಧ್ಯಾಯದ ಆರಂಭದಲ್ಲಿ ಆ ಶಬ್ದವನ್ನೇ ಪ್ರಯೋಗಿಸಿರುವನು. ನಾನು ಪಾಠಶಾಲೆಯಲ್ಲಿದ್ದಾಗ ನಮ್ಮ ಗುರುಗಳು ಅದಕ್ಕೆ ಅಧೈರ್ಯವೆಂದು ಅರ್ಥ ಹೇಳಿ ಮುಂದಿನ ಶ್ಲೋಕಕ್ಕೆ ಸಾಗಿದರು. ಆದರೆ ಅದೇ ಶಬ್ದವು ವೈದ್ಯಗ್ರಂಥಗಳಲ್ಲಿ ಒಂದು ವ್ಯಾಧಿಯ ಹೆಸರಾಗಿರುವುದು. ದಾಂಪತ್ಯಕ್ಕೆ ಅವಶ್ಯವಾದ ಉದ್ರೇಕವು ಪುರುಷನಲ್ಲಿ ಉಂಟಾಗದಿರುವುದು, ಉಂಟಾದರೂ ನಿಲ್ಲದಿರುವುದು, ಇದೇ ಅದರ ಲಕ್ಷಣ. ನಮ್ಮ ಜನರು ನಿಂದೆಯ ಅರ್ಥವನ್ನು ಹಿಡಿದುಕೊಂಡು ವ್ಯಾಧಿಯ ಅರ್ಥವನ್ನು ಮರೆತರು. ಇದರಿಂದಾದ ಹಾನಿಯು ಅಲ್ಪವಲ್ಲ. ಇಂಥ ವಿಷಯವನ್ನು ಸಾಹಿತ್ಯಪತ್ರಿಕೆಯಲ್ಲಿ ಎತ್ತಬಹುದೇ ಎಂದು ಕೆಲವರು ಸಂಕೋಚಪಡಬಹುದು. ಪೂರ್ವಾಚಾರ್ಯರು ಸಂಕೋಚಪಡದೆ ವಿಚಾರಿಸಿದುದನ್ನು ನಾವು ವಿಚಾರಿಸುವುದರಲ್ಲಿ ದೋಷವಿಲ್ಲವೆಂದು ನನ್ನ ಅರಿಕೆ.

ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ರಸಾಯನಾಧ್ಯಾಯವು ಮುಗಿದೊಡನೆ ಬರುವ ಎರಡನೆಯ ಅಧ್ಯಾಯವೇ ಅದಕ್ಕೆ ಮೀಸಲಾಗಿದೆ. ಮನಸ್ಸಿಗೆ ಹರ್ಷವನ್ನುಂಟುಮಾಡುವ ಸ್ತ್ರೀಯೇ ವಾಜೀಕರಣಗಳಲ್ಲಿ ಶ್ರೇಷ್ಠವಾದುದೆಂದು ಅಲ್ಲಿ ಹೇಳಿರುವುದು ಗಮನಾರ್ಹವಾಗಿದೆ. ಅದೇ ಸ್ಥಾನದ ಮೂವತ್ತನೆಯ ಅಧ್ಯಾಯದಲ್ಲಿ ಬೀಜದೋಷ, ಧ್ವಜದೋಷ, ಮುಪ್ಪು, ಶುಕ್ರಕ್ಷಯ ಎಂದು ಕ್ಲೈಬ್ಯಕ್ಕೆ ನಾಲ್ಕು ಕಾರಣಗಳನ್ನು ಎಣಿಸಿದೆ. ಸುಶ್ರುತನಾದರೋ ಆರು ಭೇದಗಳನ್ನು ಹೇಳಿ, ಮನಸ್ಸಿಗೆ ಒಗ್ಗದ ಭಾವಗಳಿಂದ ಹುಟ್ಟುವ ಮಾನಸಕ್ಲೈಬ್ಯವನ್ನು ಮೊದಲನೆಯದಾಗಿ ಇಟ್ಟಿರುವನು. ಹುಟ್ಟಿನಿಂದ ಬಂದುದೂ ಮರ್ಮಸ್ಥಾನವು ಕತ್ತರಿಸಿಹೋದುದರಿಂದ ಬಂದುದೂ ಅಸಾಧ್ಯವೆಂದೂ, ಉಳಿದವುಗಳಲ್ಲಿ ಕಾರಣವನ್ನರಿತು ಚಿಕಿತ್ಸೆ ಮಾಡಬೇಕೆಂದೂ ಆತನ ಮತ. ರೋಗಿಯನ್ನು ಹಳಿಯುವ ಕೆಲಸಕ್ಕೆ ಈ ಆಚಾರ್ಯರು ಹೋಗಲಿಲ್ಲ. ಅವರು ಕೇಳಿದುದು ಕಾರಣವೇನೆಂಬ ಪ್ರಶ್ನೆಯನ್ನು. ಶುಕ್ರವು ವ್ಯಯವಾದರೆ ಬಲವೇ ಉಡುಗಿಹೋಗುವುದೆಂಬ ಅವರ ಭಾವನೆಯನ್ನು ಮಾತ್ರ ಇಂದಿನ ವೈದ್ಯಶಾಸ್ತ್ರವು ಒಪ್ಪುವುದಿಲ್ಲ. ಆ ಭಯದಿಂದಲೇ ಎಷ್ಟೋ ತರುಣರು ಕಾಯಿಲೆ ಬಿದ್ದಂತಾಗುವುದನ್ನು ಕಂಡು, ಡಾಕ್ಟರ್ ಎನ್. ಎನ್. ವಿಗ್ ಅವರು ೧೯೬೦ರಲ್ಲಿ ಅದಕ್ಕೆ ‘ಧಾತ್’ ರೋಗಲಕ್ಷಣವೆಂದು ಹೆಸರಿಟ್ಟರು.

ಉದ್ರೇಕವು ಹೇಗೆ ಆಗುವುದೆಂಬ ಪ್ರಶ್ನೆಗೆ ಉತ್ತರವು ದೊರೆತುದು ಪಾಶ್ಚಾತ್ಯರ ಶೋಧನೆಗಳಿಂದ. ಅಂಗದಲ್ಲಿ ವಾಯು ತುಂಬುವುದೆಂಬ ನಂಬಿಕೆಯು ಯೂರೋಪಿನಲ್ಲಿ ಬಹುಕಾಲ ನಡೆದುಬಂದಿತ್ತು. ಚಿತ್ರಕಾರನೆಂದು ಪ್ರಖ್ಯಾತನಾದ ಲಿಯೊನಾರ್ಡೊ ಡ ವಿಂಚಿಯು, ಗಲ್ಲಿಗೇರಿಸಲ್ಪಟ್ಟವರ ಶವಗಳನ್ನು ಪರೀಕ್ಷಿಸಿ, ಅಲ್ಲಿ ತುಂಬುವುದು ವಾಯುವಲ್ಲ, ರಕ್ತವೆಂದು ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟನು. ಡಚ್ಚರ ರೆನಿಯರ್ ದ ಗ್ರಾಫನು ೧೬೬೮ರಲ್ಲಿ ಪುರುಷನ ಜನನೇಂದ್ರಿಯಗಳನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದನು. ೧೮೬೩ರಲ್ಲಿ ಜರ್ಮನಿಯ ಎಕ್‌ಹಾರ್ಡನು ನಾಯಿಗಳ ಶ್ರೋಣಿಭಾಗದ ನರಗಳಿಗೆ ವಿದ್ಯುತ್ತನ್ನು ಹಾಯಿಸಿ ಉದ್ರೇಕವನ್ನು ಉಂಟುಮಾಡಿ ತೋರಿಸಿದನು. ಹೀಗೆ ರಕ್ತವೂ ನರವೂ ಸೇರಿ ಈ ಕಾರ್ಯವನ್ನು ನಡೆಸುವುವೆಂಬುದು ಸಿದ್ಧವಾಯಿತು.

ಆದರೂ ದಾರಿ ತಪ್ಪದೆ ಹೋಗಲಿಲ್ಲ. ಎಪ್ಪತ್ತೆರಡು ವಯಸ್ಸಿನ ಬ್ರೌನ್-ಸೆಕಾರ್ ಎಂಬ ವಿದ್ವಾಂಸನು ೧೮೮೯ರಲ್ಲಿ ಪ್ರಾಣಿಗಳ ವೃಷಣರಸವನ್ನು ತನಗೆ ತಾನೇ ಚುಚ್ಚಿಕೊಂಡು ಯೌವನವು ಮರಳಿತೆಂದು ಸಾರಿದನು. ೧೯೨೦ರಲ್ಲಿ ವೊರೊನಾಫನು ಕೋತಿಯ ಗ್ರಂಥಿಗಳ ತುಂಡನ್ನು ಮನುಷ್ಯರಿಗೆ ಕಸಿಮಾಡತೊಡಗಿದನು. ಇವೆರಡೂ ನಿಷ್ಫಲವಾದುವು. ೧೯೩೫ರಲ್ಲಿ ಟೆಸ್ಟೋಸ್ಟಿರಾನ್ ಎಂಬ ನಿಜವಾದ ರಸವು ಶುದ್ಧರೂಪದಲ್ಲಿ ದೊರೆತಿತು. ಅದು ಕಾಮನೆಗೆ ಆಧಾರವಾದುದು ನಿಜ. ಆದರೆ ಅದರ ಕೊರತೆಯಿಂದ ಈ ವ್ಯಾಧಿ ಬಂದವರು ಕೆಲವರು ಮಾತ್ರ. ತರುವಾಯ ಎಲ್ಲಕ್ಕೂ ಮನಸ್ಸೇ ಮೂಲವೆಂಬ ಅಭಿಪ್ರಾಯವು ವೈದ್ಯರಲ್ಲಿ ಪ್ರಬಲವಾಯಿತು. ೧೯೮೨ರಲ್ಲಿ ಫ್ರಾನ್ಸಿನ ವಿರಾಗ್ ಎಂಬ ಶಸ್ತ್ರವೈದ್ಯನು, ರಕ್ತನಾಳಗಳನ್ನು ಸಡಿಲಿಸುವ ಪಪಾವೆರಿನ್ ಎಂಬ ಔಷಧವನ್ನು ಅಂಗಕ್ಕೆ ಚುಚ್ಚಿದರೆ ಉದ್ರೇಕವಾಗುವುದೆಂದು ತೋರಿಸಿದ ಮೇಲೆ ವೈದ್ಯರ ದೃಷ್ಟಿಯು ಪುನಃ ರಕ್ತನಾಳಗಳ ಕಡೆಗೆ ತಿರುಗಿತು.

ಈಗ ತಿಳಿದಿರುವ ಕ್ರಮವು ಹೀಗಿದೆ. ಮನಸ್ಸಿನಲ್ಲಿ ಹುಟ್ಟಿದ ಸಂಕಲ್ಪವು ಬೆನ್ನುಹುರಿಯ ಮೂಲಕ ನರಗಳಿಗೆ ಇಳಿಯುವುದು. ನರಗಳ ತುದಿಯಲ್ಲಿಯೂ ರಕ್ತನಾಳಗಳ ಒಳಪದರದಲ್ಲಿಯೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವು ಹುಟ್ಟಿ, ನಾಳಗಳ ಸ್ನಾಯುಗಳನ್ನು ಸಡಿಲಿಸುವುದು. ರಕ್ತವು ಒಳಕ್ಕೆ ನುಗ್ಗಿದಾಗ ಅದರ ಒತ್ತಡದಿಂದಲೇ ಹೊರಹೋಗುವ ಸಿರೆಗಳು ಅದುಮಿ, ರಕ್ತವು ಅಲ್ಲಿಯೇ ನಿಲ್ಲುವುದು. ಈ ಅನಿಲವು ರಕ್ತನಾಳಗಳಿಗೆ ದೂತನೆಂಬುದನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರಿಗೆ ೧೯೯೮ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಅದೇ ವರ್ಷದ ಮಾರ್ಚಿ ತಿಂಗಳಲ್ಲಿ ಸಿಲ್ಡೆನಾಫಿಲ್ ಎಂಬ ಔಷಧಕ್ಕೆ ಅಮೆರಿಕೆಯಲ್ಲಿ ಅನುಮತಿ ದೊರೆತುದು. ಇದನ್ನು ಮೊದಲು ಪರೀಕ್ಷಿಸಿದುದು ಎದೆನೋವಿಗಾಗಿ! ಹೃದಯದ ಔಷಧವು ಈ ವ್ಯಾಧಿಗೆ ಒದಗಿದುದು ಆಕಸ್ಮಿಕವೆಂದು ತೋರಿದರೂ, ಎರಡಕ್ಕೂ ನಾಳಗಳ ಸಂಬಂಧವು ಒಂದೇ. ಮನಸ್ಸಿನಲ್ಲಿ ಸಂಕಲ್ಪವಿಲ್ಲದಿದ್ದರೆ ಆ ಔಷಧವೂ ಕೆಲಸಮಾಡಲಾರದು.

ಇಲ್ಲಿಯೇ ನಾನು ಹೇಳಬೇಕಾದ ಮುಖ್ಯಾಂಶವಿದೆ. ಸಿಹಿಮೂತ್ರರೋಗ, ರಕ್ತದೊತ್ತಡ, ಕೊಬ್ಬಿನಿಂದ ನಾಳಗಳು ಕಿರಿದಾಗುವಿಕೆ, ಹೊಗೆಬತ್ತಿ, ಮದ್ಯ, ನರಗಳಿಗೆ ಪೆಟ್ಟು, ಕೆಲವು ಔಷಧಗಳು, ಮತ್ತು ಚಿಂತೆ, ಖಿನ್ನತೆ, ಸತಿಪತಿಗಳ ವಿರಸ, ಇವೇ ಇದರ ಸಾಮಾನ್ಯ ಕಾರಣಗಳು. ಶಿಶ್ನದ ಅಪಧಮನಿಯು ಒಂದೆರಡು ಮಿಲಿಮೀಟರಿನಷ್ಟು ಅಗಲವಾದರೆ, ಹೃದಯಕ್ಕೆ ರಕ್ತವನ್ನೊಯ್ಯುವುದು ಮೂರು ನಾಲ್ಕು ಮಿಲಿಮೀಟರು. ಆದಕಾರಣ ನಾಳಗಳು ಕಿರಿದಾಗತೊಡಗಿದಾಗ ಸಣ್ಣದರಲ್ಲಿ ತೊಂದರೆಯು ಮೊದಲು ಕಾಣುವುದು. ಅನೇಕರಲ್ಲಿ ಎದೆನೋವಿಗೆ ಎರಡು ಮೂರು ವರ್ಷ ಮುಂಚೆಯೇ ಕಾಣುವುದುಂಟು. ನನ್ನ ಸಹೋದ್ಯೋಗಿಯೊಬ್ಬರು ಹಲವು ವರ್ಷ ಈ ಕೊರತೆಯನ್ನು ಹೆಂಡತಿಯೊಡನೆ ಸಹ ಆಡದೆ, ಗುಟ್ಟಾಗಿ ಲೇಹ್ಯ ಚೂರ್ಣಗಳನ್ನು ತರಿಸಿ ತಿನ್ನುತ್ತಿದ್ದರು. ಕೊನೆಗೆ ಎದೆನೋವೆಂದು ಆಸ್ಪತ್ರೆಗೆ ಹೋದಾಗ ಸಿಹಿಮೂತ್ರರೋಗವೂ ಹೃದಯದ ನಾಳಗಳ ಅಡಚಣೆಯೂ ಬಯಲಾದುವು. ದೈವಕೃಪೆಯಿಂದ ಉಳಿದರು. “ಮೊದಲೇ ಬಾಯಿಬಿಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ, ಮೇಷ್ಟ್ರೇ” ಎಂದು ಅವರು ಹೇಳಿದ ಮಾತೇ ಈ ಲೇಖನಕ್ಕೆ ಪ್ರೇರಣೆ.

ಇಂಥ ಚೂರ್ಣಗಳ ಜಾಹೀರಾತನ್ನು ನಮ್ಮ ದೇಶದ ೧೯೫೪ರ ಕಾಯಿದೆಯು ನಿಷೇಧಿಸಿರುವುದು. ಸಿಲ್ಡೆನಾಫಿಲ್ಲನ್ನು ಕೂಡ ವೈದ್ಯರನ್ನು ಕೇಳದೆ ಸೇವಿಸಬಾರದು; ಎದೆನೋವಿಗೆ ನೈಟ್ರೇಟ್ ಔಷಧಗಳನ್ನು ತೆಗೆದುಕೊಳ್ಳುವವರಿಗೆ ಅದು ಪ್ರಾಣಾಪಾಯಕರವಾದುದು.

೧೯೯೨ರಲ್ಲಿ ಅಮೆರಿಕೆಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಭೆಯು, ಷಂಡತನವೆಂಬ ಅರ್ಥದ ಹಳೆಯ ಶಬ್ದವನ್ನು ಬಿಟ್ಟು ಉದ್ರೇಕದೋಷವೆಂಬ ಅರ್ಥದ ಶಬ್ದವನ್ನು ಬಳಸಬೇಕೆಂದು ಸೂಚಿಸಿತು. ೧೯೯೪ರಲ್ಲಿ ಪ್ರಕಟವಾದ ಮ್ಯಾಸಚುಸೆಟ್ಸ್ ಪ್ರಾಂತದ ಪರಿಶೀಲನೆಯಲ್ಲಿ, ನಲವತ್ತರಿಂದ ಎಪ್ಪತ್ತರೊಳಗಿನ ಪುರುಷರಲ್ಲಿ ನೂರಕ್ಕೆ ೫೨ ಮಂದಿಗೆ ಅಲ್ಪಸ್ವಲ್ಪವಾದರೂ ಈ ದೋಷವಿದ್ದುದು ಕಂಡುಬಂದಿತು. ಅರ್ಧದಷ್ಟು ಜನರಿಗೆ ಬರುವುದನ್ನು ಹೇಡಿತನವೆಂದು ಕರೆಯುವುದು ಯುಕ್ತವೇ? ಗೀತೆಯಲ್ಲಿ ಆ ಶಬ್ದಕ್ಕೆ ಇರುವ ಅರ್ಥವು ಅಲ್ಲಿಯೇ ಇರಲಿ. ಮನೆಯಲ್ಲಿ ಯಾರಿಗಾದರೂ ಈ ತೊಂದರೆ ಕಂಡಾಗ ಸುಶ್ರುತನ ಅರ್ಥವನ್ನು ನೆನೆದು ವೈದ್ಯರ ಬಳಿಗೆ ಹೋಗುವುದೇ ವಿವೇಕ. ತನ್ನ ವ್ಯಾಧಿಯನ್ನು ವೈದ್ಯನಿಗೆ ನಿಸ್ಸಂಕೋಚವಾಗಿ ಹೇಳಿಕೊಳ್ಳುವುದಕ್ಕೂ ಧೈರ್ಯವು ಬೇಕು.