ಸತ್ತ ಕುದುರೆಗೂ ದುಡ್ಡು ಕೊಟ್ಟ ಕಾಲದ ಭಟ್ಕಳ

1/5
ಸ್ಟೋರಿ ನೋಡಿ "ಮುರುಡೇಶ್ವರಕ್ಕೆ ಹೋಗಿದ್ಯಾ?" ಅಂತ ಆಗಲೇ ಮೂರು ಜನ ಕೇಳಿದ್ದೀರಿ. ಅಲ್ಲ ಕಣ್ರೋ, ಅದರ ದಕ್ಷಿಣಕ್ಕಿರೋ ಭಟ್ಕಳ. ಹೆಸರು ಹೇಳಿದ ಕೂಡಲೇ "ಅಲ್ಲಿಗ್ಯಾಕೆ?" ಅಂದವರೂ ಇದ್ದೀರಿ.

ಅಜ್ಜಂಪುರದಿಂದ ಸಮುದ್ರ ನೋಡೋಕೆ ಹೊರಟರೆ ನಮ್ಮ ಪ್ಲ್ಯಾನ್ ಯಾವಾಗಲೂ ಒಂದೇ. ಜೋಗ, ಮುರುಡೇಶ್ವರದ ದೊಡ್ಡ ಶಿವನ ಮುಂದೆ ಗ್ರೂಪ್ ಫೋಟೊ, ಬೀಚಲ್ಲಿ ನೆನೆಯೋದು, ವಾಪಸ್. ಭಟ್ಕಳ ಅಂದ್ರೆ ನಮಗೆ ಟಿವಿ ನ್ಯೂಸ್‌ನಲ್ಲಿ ಕೇಳಿದ ಹೆಸರು ಅಷ್ಟೇ. ನಾನೂ ಅಷ್ಟೇ ತಿಳ್ಕೊಂಡಿದ್ದೆ, ಸುಳ್ಳು ಯಾಕೆ ಹೇಳ್ಲಿ.

2/5
ಕಥೆಯನ್ನ ನಮ್ಮೂರಿಂದಲೇ ಶುರು ಮಾಡ್ತೀನಿ. ಅಮೃತ್ ಮಹಲ್ ದನಗಳನ್ನ ನೋಡಿಕೊಂಡೇ ಬೆಳೆದವರು ನಾವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದು ಬೆಣ್ಣೆ ಚಾವಡಿ, ಟಿಪ್ಪು ಇಟ್ಟ ಹೆಸರು ಅಮೃತ್ ಮಹಲ್. ಫಿರಂಗಿ, ದಂಡಿನ ಸಾಮಾನು ಎಳೆಯೋ ಎತ್ತು ನಮ್ಮ ಬಯಲಲ್ಲೇ ಹುಟ್ಟುತ್ತಿದ್ದವು.

ಆದರೆ ಕುದುರೆ? ಯುದ್ಧಕ್ಕೆ ಬೇಕಾದ ಒಳ್ಳೆ ಕುದುರೆ ದಕ್ಷಿಣದ ಹವೆಗೆ, ಮೇವಿಗೆ ಸರಿಯಾಗಿ ಒಗ್ಗುತ್ತಿರಲಿಲ್ಲ. ಮೈಸೂರಿಗಿಂತ ಮೊದಲು, ವಿಜಯನಗರದ ಕಾಲದಲ್ಲಿ, ಅವು ಅರಬ್ ದೇಶಗಳಿಂದ, ಹೊರ್ಮುಜ್‌ನಿಂದ ಹಡಗಲ್ಲಿ ಬರಬೇಕಿತ್ತು. ದಾರಿಯಲ್ಲೇ ಎಷ್ಟೋ ಸಾಯುತ್ತಿದ್ದವು. ನೂನಿಜ್ ಅನ್ನೋ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬರೆದಿರೋದು ಕೇಳಿ: ಸಾಳುವ ನರಸಿಂಹ ಮೂರು ಕುದುರೆಗೆ ಸಾವಿರ ವರಹದ ಲೆಕ್ಕದಲ್ಲಿ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲೇ ಸತ್ತರೂ ಪರವಾಗಿಲ್ಲ, ಬಾಲ ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯಷ್ಟೇ ದುಡ್ಡು! ಇದನ್ನ ಓದಿ ನಾನು ಒಬ್ಬನೇ ನಕ್ಕಿದ್ದೆ. ಆಮೇಲೆ ಅನ್ನಿಸ್ತು, ವ್ಯಾಪಾರಿಗಳು ಹಡಗು ತಿರುಗಿಸಿಕೊಂಡು ಬೇರೆ ರಾಜನ ಹತ್ತಿರ ಹೋಗಬಾರದು ಅಂದ್ರೆ ಇಷ್ಟು ಮಾಡಲೇಬೇಕಿತ್ತೇನೋ.

ಆ ಕುದುರೆಗಳು ಇಳಿಯುತ್ತಿದ್ದ ಮುಖ್ಯ ಬಂದರುಗಳಲ್ಲಿ ಒಂದು ಭಟ್ಕಳ. ಹೋಗುವಾಗ ಹಡಗಿಗೆ ಅಕ್ಕಿ, ಸಕ್ಕರೆ ಪುಡಿ, ಕಬ್ಬಿಣ ತುಂಬಿಸೋರು. 16ನೇ ಶತಮಾನದ ಆರಂಭದಲ್ಲಿ ಬಾರ್ಬೋಸಾ ಅನ್ನೋ ಇನ್ನೊಬ್ಬ ಪೋರ್ಚುಗೀಸ್ ಇದನ್ನೆಲ್ಲ ಪಟ್ಟಿ ಮಾಡಿಟ್ಟಿದ್ದಾನೆ.

3/5
ಈಗ ಸ್ವೈಪ್ ಮಾಡಿ. ಮೊದಲನೇದು ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ. ಎರಡನೇದು ಖೇತಪೈ ನಾರಾಯಣ ದೇವಸ್ಥಾನ. ಖೇತಪೈ ರಾಜ ಅಲ್ಲ, ಸಾಮಂತನೂ ಅಲ್ಲ, ವ್ಯಾಪಾರಿ! ಗೋಡೆಯ ಸುತ್ತ ರಾಮಾಯಣ ಕೆತ್ತಿಸಿದ್ದಾನೆ. ಮಾಡು ನೋಡಿ, ಮಲೆನಾಡಿನ ಹಂಚಿನ ಮನೆ ಥರಾನೇ ಇಳಿಜಾರು, ಆದರೆ ಹೊದಿಸಿರೋದು ಕಲ್ಲಿನ ಚಪ್ಪಡಿ. ಆ ಮಳೆಗೆ ಬೇರೆ ಉಪಾಯ ಇಲ್ಲ.

ಅಲ್ಲಿಂದ ಹಳೇ ಪೇಟೆಯ ಓಣಿಗಳಿಗೆ ಹೋದ್ರೆ ನವಾಯತರ ಮನೆಗಳು. ಅರಬ್ ವ್ಯಾಪಾರಿಗಳು ಇಲ್ಲೇ ಮದುವೆಯಾಗಿ, ಇಲ್ಲೇ ನೆಲೆಸಿ ಬೆಳೆದ ಸಮುದಾಯ. ಅವರ ನವಾಯತಿ ಭಾಷೆ ಕೊಂಕಣಿಗೆ ಹತ್ತಿರ, ಅದರಲ್ಲಿ ಅರಬ್ಬಿ, ಪಾರ್ಸಿ ಪದಗಳು, ಬರೆಯೋದು ಅರಬ್ಬಿ-ಪಾರ್ಸಿ ಲಿಪಿಯಲ್ಲಿ. ಓಣಿಯಲ್ಲಿ ನಿಂತು ಕಿವಿಗೊಟ್ಟೆ. ಪೂರ್ತಿ ಅರ್ಥ ಆಗಲಿಲ್ಲ, ಪೂರ್ತಿ ಪರಕೀಯ ಅಂತಾನೂ ಅನ್ನಿಸಲಿಲ್ಲ. ಮನೆಗಳ ಫೋಟೊ ಬೇಕಂತಲೇ ಹಾಕಿಲ್ಲ. ಅದು ಜನ ಬದುಕ್ತಿರೋ ಜಾಗ, ಮ್ಯೂಸಿಯಂ ಅಲ್ಲ.

ಬಸದಿ, ದೇವಸ್ಥಾನ, ಮಸೀದಿ ಮೂರನ್ನೂ ಒಂದೇ ಮಧ್ಯಾಹ್ನ ನಡೆದು ನೋಡಿದೆ. ಮೂರರ ಹಿಂದೆಯೂ ಇರೋದು ಅದೇ ಬಂದರು. ಕುದುರೆ ತಂದವನು ಒಬ್ಬ, ಕೊಂಡವನು ಇನ್ನೊಬ್ಬ, ಸುಂಕ ಎತ್ತಿದವನು ಮತ್ತೊಬ್ಬ. ಇವರಲ್ಲಿ ಒಬ್ಬರನ್ನ ತೆಗೆದರೂ ಲೆಕ್ಕ ಕೂಡಲ್ಲ.

4/5
ಬಂದರು ಯಾಕೆ ಮಂಕಾಯ್ತು? 1502ರಲ್ಲಿ ವಾಸ್ಕೊ ಡ ಗಾಮ ಎರಡನೇ ಸಲ ಬಂದಾಗ ಭಟ್ಕಳದ ಮೇಲೆ ಬಿದ್ದ, ವರ್ಷವರ್ಷ ಅಕ್ಕಿ ಕಪ್ಪ ಕೊಡಬೇಕು ಅಂತ ಒಪ್ಪಿಸಿದ. (ಹೈಸ್ಕೂಲಲ್ಲಿ ನಾವು ಓದಿದ್ದು 1498, ಕಲ್ಲಿಕೋಟೆ, ಫುಲ್‌ಸ್ಟಾಪ್. ಎರಡನೇ ಸಲ ಬಂದು ಏನು ಮಾಡಿದ ಅಂತ ಯಾರೂ ಕೇಳಿರಲಿಲ್ಲ.) 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಕುದುರೆ ಹಡಗು ಗೋವಾಕ್ಕೇ ಬರಬೇಕು ಅಂತ ಪಟ್ಟು ಹಿಡಿದರು. 1565ರಲ್ಲಿ ತಾಳಿಕೋಟೆ ಯುದ್ಧ ಆಗಿ, ಕುದುರೆ ಕೊಳ್ಳೋ ವಿಜಯನಗರವೇ ಕುಸಿಯಿತು.

ಆದರೂ ಊರು ಅಲ್ಲಿಗೇ ಮುಗಿಯಲಿಲ್ಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, ಅಂದ್ರೆ 54 ವರ್ಷ, ಈ ಕರಾವಳಿಯನ್ನ ಆಳಿದಳು. ಪೋರ್ಚುಗೀಸರು ಅವಳನ್ನ ಕರೆದದ್ದು ಕರಿಮೆಣಸಿನ ರಾಣಿ ಅಂತ. ಅವಳ ಬಗ್ಗೆ ಕ್ಯಾಪ್ಶನ್‌ನಲ್ಲಿ ಎರಡು ಸಾಲು ಬರೆಯೋದು ಅನ್ಯಾಯ, ಬೇರೆ ಸರಣಿ ಮಾಡ್ತೀನಿ.

5/5
"ಬೀಚ್ ಎಲ್ಲಿ?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಕೊನೇ ಫೋಟೊ ಜಾಲಿ ಬೀಚ್. ಮುರುಡೇಶ್ವರದಷ್ಟು ಗದ್ದಲ ಇಲ್ಲ. ಸಂಜೆ ಅಲ್ಲೇ ಕೂತು ಪಶ್ಚಿಮಕ್ಕೆ ನೋಡಿದೆ. ಆ ಕಡೆಯಿಂದ ಕುದುರೆ ತುಂಬಿದ ಹಡಗು ಬರುತ್ತಿದ್ದದ್ದನ್ನ ಊಹಿಸಿಕೊಳ್ಳೋಕೆ ನೋಡಿದೆ, ಆಗಲಿಲ್ಲ. ಬಂದದ್ದು ಮೀನು ದೋಣಿ.

ಹೋಗೋರಿಗೆ: ಮಳೆಗಾಲದಲ್ಲಿ ನೀರಿಗೆ ಇಳಿಯಬೇಡಿ. ಬಸದಿಯಲ್ಲಿ, ದೇವಸ್ಥಾನದಲ್ಲಿ ಗೋಡೆ ಮೇಲೆ ಹೆಸರು ಕೆತ್ತೋ ಫ್ರೆಂಡ್ ಇದ್ರೆ ಅವನನ್ನ ಬಸ್ಸಲ್ಲೇ ಬಿಟ್ಟು ಬನ್ನಿ. ಊಟಕ್ಕೆ ಶಾವಿಗೆ ಬಿರಿಯಾನಿ ಕೇಳಿ ನೋಡಿ. ಹೌದು, ಅಕ್ಕಿ ಬದಲು ಶಾವಿಗೆ. ಮನೆಗೆ ಭಟ್ಕಳ ಮಲ್ಲಿಗೆ ತನ್ನಿ. ನಾನು ತಂದದ್ದು ತರೀಕೆರೆ ಮುಟ್ಟೋ ಹೊತ್ತಿಗೆ ಬಾಡಿತ್ತು, ಅಮ್ಮ ಆದ್ರೂ ಮುಡಿದುಕೊಂಡ್ರು.